‘ಹೇಳಿಕೆ–ಊಹೆ’ ಪ್ರಶ್ನೆಯಲ್ಲೇ ಅಂಕ ಹೋಗ್ತಿದೆ, ನೀವು ಹೇಗೆ ಕಲಿತಿರಿ?

ನಾಪೋಕ್ಲುವಿನಿಂದ

ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ರಕ್ತಸಂಬಂಧ, ದಿಕ್ಕು, ಪಜಲ್ ಪರವಾಗಿಲ್ಲ. ಒಂದು ಹೇಳಿಕೆ ಕೊಟ್ಟು ‘ಯಾವ ಊಹೆ ಅಂತರ್ಗತವಾಗಿದೆ’ ಅಂತ ಕೇಳುತ್ತಾರಲ್ಲ, ಅಲ್ಲಿ ಹತ್ತಕ್ಕೆ ನಾಲ್ಕು ಸರಿ ಬಂದರೆ ಹೆಚ್ಚು. ನಿನ್ನೆ ತಪ್ಪಿದ್ದು ಇದು:

‘ಮಳೆ ಜೋರಾಗಿರುವುದರಿಂದ ನಾಳೆ ತಾಲ್ಲೂಕಿನ ಶಾಲೆಗಳಿಗೆ ರಜೆ.’ ಊಹೆ 1: ಇಂಥ ಮಳೆಯಲ್ಲಿ ಮಕ್ಕಳು ಶಾಲೆಗೆ ಬಂದುಹೋಗುವುದು ಕಷ್ಟ. ಊಹೆ 2: ನಾಳೆ ರಸ್ತೆಗಳೆಲ್ಲ ಮುಳುಗುತ್ತವೆ.

ನಾನು ಎರಡೂ ಸರಿ ಅಂದೆ. ಉತ್ತರ ನೋಡಿದರೆ ಒಂದನೆಯದು ಮಾತ್ರ. ಯಾಕೆ? ಸಂಗಮ ತುಂಬಿದರೆ ಭಾಗಮಂಡಲದ ರಸ್ತೆ ಮುಳುಗುವುದು ನಮಗೇನು ಹೊಸದಾ?

ಗೋಣಿಕೊಪ್ಪದಿಂದ

ತಂಗಿ, ನಿಮ್ಮ ತಪ್ಪು ಆ ಕೊನೆಯ ಸಾಲಲ್ಲೇ ಇದೆ. ಪ್ರಶ್ನೆಯಲ್ಲಿ ಭಾಗಮಂಡಲ ಇಲ್ಲ, ನೀವು ತಂದಿರಿ. ನಾನೂ ಬ್ಯಾಂಕ್ ಸೇರುವ ಮುಂಚೆ ಹೀಗೇ ಊರಿನ ಅನುಭವವನ್ನೆಲ್ಲ ಉತ್ತರಕ್ಕೆ ಸುರಿಯುತ್ತಿದ್ದೆ.

ಊಹೆ ನಿಜವೋ ಸುಳ್ಳೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಹೇಳಿದವರು ಅದನ್ನು ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದಾರಾ, ಅಷ್ಟೇ. ಊಹೆಯನ್ನು ತಿರುಗಿಸಿ ನೋಡಿ. ‘ಮಕ್ಕಳಿಗೆ ಬಂದುಹೋಗಲು ಏನೂ ಕಷ್ಟವಿಲ್ಲ’ ಅಂದರೆ ಮಳೆಗೆ ರಜೆ ಯಾಕೆ? ಮಾತು ಬಿದ್ದೇಹೋಯಿತು. ಹಾಗಾಗಿ 1 ಬೇಕೇ ಬೇಕು. ಎರಡನೆಯದನ್ನು ತಿರುಗಿಸಿದರೆ ಕೆಲವು ರಸ್ತೆ ಮುಳುಗಲಿಕ್ಕಿಲ್ಲ ಅಂತಾಗುತ್ತದೆ. ರಜೆಗೆ ಏನೂ ಆಗಲಿಲ್ಲ. ಗಾಳಿಗೆ ಮರ ಬೀಳುವ ಭಯವೊಂದೇ ಸಾಕು ರಜೆ ಕೊಡಲು.

ಪೊನ್ನಂಪೇಟೆಯಿಂದ

ನಾನು ಕಲಿತದ್ದು ಅಪ್ಪನ ಮಾತಿನಿಂದ. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಕಾಫಿ ಮೊಗ್ಗು ನೋಡಿ ಬಂದು, ‘ಹೂಮಳೆ (ಮೊಗ್ಗು ಅರಳಿಸುವ ಮಳೆ) ಇನ್ನೂ ಬಂದಿಲ್ಲ, ನಾಳೆಯಿಂದ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕೋಣ’ ಅಂದರು. ಸುಮ್ನೆ ಕೂತು ಬರೆದೆ. ಕೆರೆಯಲ್ಲಿ ನೀರಿದೆ. ಸ್ಪ್ರಿಂಕ್ಲರ್ ನೀರಿಗೂ ಮೊಗ್ಗು ಅರಳುತ್ತದೆ. ಎರಡನ್ನೂ ಅಪ್ಪ ಹೇಳಲಿಲ್ಲ, ಆದರೆ ಒಂದು ಇಲ್ಲದಿದ್ದರೂ ಆ ಮಾತು ಆಡುತ್ತಿರಲಿಲ್ಲ. ‘ಈ ತಿಂಗಳು ಮಳೆಯೇ ಇಲ್ಲ’ ಅಂತಲೂ ಬರೆದಿದ್ದೆ. ಅದು ನಾನು ಸೇರಿಸಿದ್ದು. ಇನ್ನು ಹತ್ತು ದಿನಕ್ಕೆ ಮಳೆ ಬರಬಹುದು ಅಂತ ಗೊತ್ತಿದ್ದರೂ ಅಪ್ಪ ಕಾಯುವವರಲ್ಲ. ‘ಹೂ ಒಟ್ಟಿಗೆ ಬಿಡುತ್ತದೆ, ಫಸಲು ಚೆನ್ನಾಗಿ ಬರುತ್ತದೆ’ ಅನ್ನುವುದು ಮಾತಿನ ಮುಂದೆ ಬರುವ ವಿಷಯ. ಊಹೆ ಇರುವುದು ಮಾತಿನ ಹಿಂದೆ.

ಕುಶಾಲನಗರದಿಂದ

ತಿರುಗಿಸುವ ಉಪಾಯ ಸರಿ. ಆದರೆ ತಿರುಗಿಸುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಪಾಠ ಮಾಡುವಾಗ ದಿನಾ ನೋಡುತ್ತೇನೆ.

ತೋಟದ ಗೇಟಿನ ಬೋರ್ಡ್ ತೆಗೆದುಕೊಳ್ಳಿ: ‘ಕಾಡಾನೆ ಓಡಾಡುವ ದಾರಿ. ಸಂಜೆ 6ರ ಮೇಲೆ ನಡೆದು ಹೋಗಬೇಡಿ.’ ಊಹೆ: ಓದಿದವರೆಲ್ಲರೂ ಇದನ್ನು ಪಾಲಿಸುತ್ತಾರೆ. ಮಕ್ಕಳು ಇದನ್ನು ತಿರುಗಿಸಿ ‘ಯಾರೂ ಪಾಲಿಸುವುದಿಲ್ಲ’ ಅನ್ನುತ್ತಾರೆ. ಹಾಗಿದ್ದರೆ ಬೋರ್ಡ್ ದಂಡ, ಆದ್ದರಿಂದ ಊಹೆ ಸರಿ ಅಂತ ಗುರುತು ಹಾಕುತ್ತಾರೆ. ತಪ್ಪು. ‘ಎಲ್ಲರೂ’ ತಿರುಗಿಸಿದರೆ ‘ಕೆಲವರಾದರೂ ಪಾಲಿಸುವುದಿಲ್ಲ’. ಪಾಲಿಸದವರು ನಾಲ್ಕು ಜನ ಇದ್ದರೂ ಬೋರ್ಡ್ ಹಾಕುತ್ತಾರೆ, ಅಲ್ವಾ? ಅದೇ ಊಹೆ ‘ಕೆಲವರಾದರೂ ಪಾಲಿಸುತ್ತಾರೆ’ ಅಂತಿದ್ದರೆ ಅಂತರ್ಗತ. ಅದನ್ನು ತಿರುಗಿಸಿದಾಗಲೇ ‘ಯಾರೂ ಇಲ್ಲ’ ಬರುವುದು.

‘ಹಗಲು ಆನೆ ಬರುವುದಿಲ್ಲ’ ಅಂತ ಕೊಟ್ಟರೆ? ಬೇಡ. ಹಗಲೂ ಬರಲಿ, ಸಂಜೆಯ ಎಚ್ಚರಿಕೆ ಹಾಗೇ ನಿಲ್ಲುತ್ತದೆ. ‘ಎಲ್ಲ’, ‘ಮಾತ್ರ’ ಕಂಡ ಕೂಡಲೇ ಹೊಡೆದುಹಾಕಿ ಅಂತ ಕೆಲವರು ಕಲಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ‘ಘಾಟಿ ಮುಚ್ಚಿದೆ, ಹಾಗಾಗಿ ನಾಳೆ ಅಲ್ಲಿಗೆ ಹೋಗಲು ಆಗುವುದಿಲ್ಲ’ ಅನ್ನುವ ಮಾತಿಗೆ ‘ಅಲ್ಲಿಗೆ ಘಾಟಿ ದಾರಿ ಮಾತ್ರ ಇದೆ’ ಅನ್ನುವುದು ಬೇಕೇ ಬೇಕು.

ಮಡಿಕೇರಿಯಿಂದ

ನಾನು ಯುಪಿಎಸ್‌ಸಿ ಎರಡು ಸಲ ಬರೆದವನು. ಅಲ್ಲಿ ಸಿಸ್ಯಾಟ್‌ನಲ್ಲಿ (ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ) ಒಂದು ಪ್ಯಾರಾ ಕೊಟ್ಟು ಊಹೆ ಕೇಳುತ್ತಾರೆ. 80 ಪ್ರಶ್ನೆ, 200 ಅಂಕ, ತಪ್ಪಾದರೆ ಮೂರನೇ ಒಂದು ಭಾಗ ಕಟ್. ಶೇ 33 ಬಂದರೆ ಪಾಸು. ಹಾಗಾಗಿ ಸಂಶಯ ಬಂದದ್ದನ್ನು ಬಿಟ್ಟು ಮುಂದೆ ಹೋಗುತ್ತಿದ್ದೆ. ಬ್ಯಾಂಕ್ ಪರೀಕ್ಷೆಯಲ್ಲಿ ಒಂದೊಂದು ಅಂಕವೂ ಬೇಕು, ಅಲ್ಲಿ ಹೀಗೆ ಧಾರಾಳ ತೋರಿಸಬೇಡಿ.

ನಾಪೋಕ್ಲುವಿನಿಂದ

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಈಗಷ್ಟೇ ಅಮ್ಮ, ‘ಕರೆಂಟ್ ಹೋಗುವ ಮುಂಚೆ ಮೊಬೈಲ್ ಚಾರ್ಜಿಗೆ ಹಾಕು’ ಅಂದರು. ನನ್ನ ಊಹೆಗಳು: ಈಗ ಕರೆಂಟ್ ಇದೆ, ಹೋದರೆ ರಾತ್ರಿಯಿಡೀ ಬರುವುದಿಲ್ಲ. ಎರಡೂ ಸರಿ ತಾನೇ?

ಕುಶಾಲನಗರದಿಂದ

ಮೊದಲನೆಯದು ಸರಿ. ಎರಡನೆಯದನ್ನು ತಿರುಗಿಸಿ ನೋಡಿ. ಒಂದು ಗಂಟೆಯೊಳಗೆ ಕರೆಂಟ್ ವಾಪಸ್ ಬರುವುದಿದ್ದರೂ ಅಮ್ಮ ಅದನ್ನೇ ಹೇಳುತ್ತಿದ್ದರು. ‘ರಾತ್ರಿಯಿಡೀ’ ನಿಮ್ಮದು.