ಸಹಾಯ ಬೇಕು: ಸ್ಕೋರ್ (ಸ್ವರ ಬರೆದಿರೋ ಹಾಳೆ) ನೋಡದೆ ಫ್ಯೂಗ್ ನುಡಿಸೋದು ಹೇಗೆ?

ಎಲ್ರಿಗೂ ನಮಸ್ಕಾರ, ಕನ್ಸರ್ವೇಟರಿಲಿ ಪಿಯಾನೋ ಕಲೀತಿದೀನಿ, ಟರ್ಮ್ ಕೊನೇಲಿ ರಿಸೈಟಲ್ ಇದೆ, ಬೀಥೋವನ್‌ನ ಪಿಯಾನೋ ಸೊನಾಟಾ ಓಪಸ್ 110 ಪೂರ್ತಿ ಸ್ಕೋರ್ ಇಲ್ದೆ ನುಡಿಸ್ಬೇಕು. ಮೊದಲೆರಡು ಮೂವ್‌ಮೆಂಟ್ (ಭಾಗ) ಕೈಗೆ ಕೂತಿದೆ, ಕಷ್ಟ ಇರೋದು ಕೊನೇ ಫ್ಯೂಗ್‌ನಲ್ಲಿ (ಒಂದೇ ಥೀಮ್ ಬೇರೆ ಬೇರೆ ವಾಯ್ಸ್‌ಗಳಲ್ಲಿ, ಅಂದ್ರೆ ಸ್ವರದ ಎಳೆಗಳಲ್ಲಿ, ಒಂದರ ಹಿಂದೊಂದು ಬಂದು ಹೆಣೆದುಕೊಳ್ಳೋ ರಚನೆ), ಎರಡನೇ ಸಲ ಅದೇ ಥೀಮ್ ತಲೆಕೆಳಗಾಗಿ ಜಿ ಮೇಜರ್‌ನಲ್ಲಿ ಬರತ್ತಲ್ಲ, ಅಲ್ಲಿ ಬೆರಳು ತಾನಾಗೇ ಮೊದಲನೇ ಫ್ಯೂಗ್ ದಾರಿ ಹಿಡಿಯತ್ತೆ. ಎಷ್ಟು ಚಂದ ಇದೆ ಅಂದ್ರೆ ಬಿಟ್ಟು ಸುಲಭದ್ದು ತಗೊಳೋಕೆ ಮನಸೇ ಇಲ್ಲ. ಒಂದೊಂದು ವಾಯ್ಸ್ ಬೇರೆ ಬೇರೆ ಹಾಡ್ಕೊಂಡು ಕಲಿ ಅಂತಾರೆ ಮೇಷ್ಟ್ರು, ಮಾಡ್ತಿದೀನಿ, ಆದ್ರೆ ಕ್ವಾಯರ್, ಚೇಂಬರ್ ರಿಹರ್ಸಲ್ ಮುಗಿಯೋ ಹೊತ್ತಿಗೆ ಪ್ರಾಕ್ಟೀಸ್ ರೂಮೆಲ್ಲಾ ತುಂಬಿರತ್ತೆ. ಪಿಯಾನೋ ಮುಟ್ಟದೆ ಬರೀ ಸ್ಕೋರ್ ಇಟ್ಕೊಂಡು ಫ್ಯೂಗ್ ಮನಸಿಗೆ ಇಳಿಸ್ಕೊಂಡೋರು ಯಾರಾದ್ರೂ ಇದ್ರೆ ಹೇಗೆ ಮಾಡಿದ್ರಿ ಅಂತ ದಯವಿಟ್ಟು ಹೇಳಿ.