ಹಿಮದಲ್ಲಿ ಓಡ್ಸೋ ಫ್ಯಾಟ್ ಬೈಕಿಗೆ ಬೆಲ್ಟಾ, ಚೈನಾ?

ಅಮೆರಿಕದ ಮಿನ್ನಿಯಾಪೊಲಿಸ್‌ಗೆ ಬಂದು ಇದು ಎರಡನೇ ಚಳಿಗಾಲ. ದಿನಾ ಆಫೀಸಿಗೆ 9 ಕಿಲೋಮೀಟರ್ ಸೈಕಲ್ಲು, ವೀಕೆಂಡಲ್ಲಿ ಕಾಡಿನ ಟ್ರೇಲು. ಹೋದ ವರ್ಷ ಹಿಮ ಕರಗ್ಸೋಕೆ ರಸ್ತೆಗೆ ಹಾಕೋ ಉಪ್ಪಿಗೆ ಚೈನು ಪೂರ್ತಿ ತುಕ್ಕು ಹಿಡೀತು. ಚೈನಿನ ಬದಲು ಬೆಲ್ಟ್ ಇರೋ ಫ್ಯಾಟ್ ಬೈಕ್ (ದಪ್ಪ ಟೈರಿನ ಸೈಕಲ್) ತಗೊಳ್ಲಾ? ಓಡ್ಸಿದವ್ರು ದಯವಿಟ್ಟು ಹೇಳಿ.

* * *

ನಾನು ನಾಲ್ಕು ಚಳಿಗಾಲ ಚೈನಲ್ಲಿ ಓಡ್ಸಿದೀನಿ, ಬೆಲ್ಟಲ್ಲಿ ಇದು ಮೂರನೇದು. ಉಪ್ಪಿನ ವಿಷಯದಲ್ಲಿ ಬೆಲ್ಟೇ ಸೈ, ಒಳಗಡೆ ಕಾರ್ಬನ್ ಎಳೆ, ತುಕ್ಕು ಹಿಡಿಯೋಕೆ ಕಬ್ಬಿಣವೇ ಇಲ್ಲ, ಎಣ್ಣೆ ಬೇಡ, ಬೇಸ್‌ಮೆಂಟಲ್ಲಿ ಒಂದು ಚೊಂಬು ನೀರು ಹುಯ್ದ್ರೆ ಮುಗೀತು. ಆದ್ರೆ ಬೆಲ್ಟ್ ಒಂದನ್ನೇ ನೋಡಿ ದುಡ್ಡು ಕೊಡ್ಬೇಡಿ, ಗೇರ್ ಹೆಂಗೆ ಅಂತ ಮೊದ್ಲು ಕೇಳಿ. ಬೆಲ್ಟಿಗೆ ಡಿರೇಲರ್ (ಚೈನನ್ನ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸೋ ಗೇರ್) ಬರಲ್ಲ, ಒಂದೇ ಗೇರಲ್ಲಿ ತುಳೀಬೇಕು ಇಲ್ಲಾಂದ್ರೆ ಹಿಂದಿನ ಚಕ್ರದ ನಡುವಿರೋ ಹಬ್ ಒಳಗೋ ಪೆಡಲ್ ಹತ್ರ ಗೇರ್‌ಬಾಕ್ಸಲ್ಲೋ ಗೇರ್ ಇರ್ಬೇಕು. ಒಳಗೇ ಗೇರ್ ಇರೋ ಶಿಮಾನೋ ಆಲ್ಫಿನ್ ಹಬ್ 135 ಮಿಲಿಮೀಟರ್ ಅಗಲದ ಫ್ರೇಮಿಗೆ ಮಾಡಿದ್ದು, ಈಗಿನ ಫ್ಯಾಟ್ ಬೈಕಿನ ಹಿಂದಿನ ಅಗಲ ನೋಡಿದ್ರೆ 170ರಿಂದ 197, ಹಂಗಾಗಿ ಅದು ಕೂರಲ್ಲ. ರೋಲಾಫ್‌ನವ್ರು ಫ್ಯಾಟ್ ಬೈಕಿಗೇ ಅಂತ ಅಗಲದ 14 ಗೇರಿನ ಹಬ್ ಮಾಡ್ತಾರೆ, ಆದ್ರೆ ಆ ಹಬ್ ಒಂದರ ದುಡ್ಡಿಗೆ ಚೈನಿರೋ ಒಳ್ಳೆ ಫ್ಯಾಟ್ ಬೈಕೇ ಬಂದ್ಬಿಡುತ್ತೆ.

ಇರೋ ಬೈಕಿಗೇ ಬೆಲ್ಟ್ ಹಾಕ್ಸೋಣ ಅಂದ್ಕೊಂಡಿದ್ರೆ ಅದೂ ಕಷ್ಟ. ಮಾಮೂಲಿ ಬೆಲ್ಟನ್ನ ಚೈನಿನ ಥರ ಬಿಚ್ಚಿ ಕೂಡ್ಸೋಕೆ ಆಗಲ್ಲ, ಒಂದೇ ಉಂಗುರ, ಅದು ಒಳಗೆ ಹೋಗ್ಬೇಕಂದ್ರೆ ಸಾಮಾನ್ಯವಾಗಿ ಫ್ರೇಮಿನ ಹಿಂಭಾಗದಲ್ಲಿ ಬಿಚ್ಚೋ ಜಾಯಿಂಟ್ ಇರ್ಬೇಕು.

ಇನ್ನೊಂದು, ಚಳಿಗೆ ಮೊದ್ಲು ಕೈ ಕೊಡೋದು ಬೆಲ್ಟೂ ಅಲ್ಲ ಚೈನೂ ಅಲ್ಲ. ಮೈನಸ್ 24ರಲ್ಲಿ ನನ್ನ ಹಬ್ಬಿನ ಗ್ರೀಸ್ ಗಟ್ಟಿಯಾಗಿ, ಪೆಡಲ್ ತುಳಿದ್ರೆ ಸುಮ್ನೆ ತಿರುಗ್ತಿತ್ತು, ಚಕ್ರ ಹಿಡೀತಾನೇ ಇರ್ಲಿಲ್ಲ, ಆ ಚಳೀಲಿ ಮೂರು ಕಿಲೋಮೀಟರ್ ತಳ್ಕೊಂಡು ಬಂದೆ. ಯಾವ್ದೇ ತಗೊಳ್ಳಿ, ನವೆಂಬರ್‌ಗೆ ಮುಂಚೆ ಹಬ್ ಬಿಚ್ಚಿಸಿ ಚಳಿಗೆ ಆಗೋ ತೆಳು ಗ್ರೀಸ್ ಹಾಕ್ಸಿ.

* * *

ಟ್ರೇಲ್ ಜಾಸ್ತಿ ಇದ್ರೆ ನನ್ನ ವೋಟು ಚೈನಿಗೆ. ಮೆತ್ತನೆ ಹಿಮದಲ್ಲಿ ಟೈರಲ್ಲಿ ಗಾಳಿ ಬರೀ 5 ಪಿಎಸ್‌ಐ ಇಟ್ಕೊಂಡು ಏರು ಹತ್ತುವಾಗ ಸಣ್ಣ ಗೇರ್ ಬೇಕೇ ಬೇಕು, ಒಂದೇ ಗೇರಲ್ಲಿ ಮಂಡಿ ಹೋಗುತ್ತೆ. ಹಸಿ ಹಿಮ ಬಿದ್ದ ದಿನ ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳು) ತುಂಬಾ ಐಸ್ ಕಟ್ಟಿ ಗೇರ್ ಹಾರುತ್ತೆ ನಿಜ, ನಾನು ಕಡ್ಡಿ ತಗೊಂಡು ಕೆರೆದು ಮುಂದೆ ಹೋಗ್ತೀನಿ. ಚೈನು ತುಂಡಾದ್ರೂ ಜೇಬಲ್ಲಿರೋ ಕ್ವಿಕ್ ಲಿಂಕ್ (ಚೈನ್ ಕೂಡ್ಸೋ ಕೊಂಡಿ) ಹಾಕಿ ಮನೆ ಸೇರ್ಬಹುದು. ಬೆಲ್ಟ್ ಹೋದ್ರೆ ಸ್ಪೇರ್ ಬೆಲ್ಟೇ ಬೇಕು, ಅದನ್ನ ಸಿಕ್ಕಾಪಟ್ಟೆ ಮಡಚಿ ಬ್ಯಾಗಿಗೆ ತುರುಕಿದ್ರೆ ಒಳಗಿನ ಎಳೆ ಮುರಿದು ಅದೂ ದಂಡ.

* * *

ಕ್ಯಾಲ್ಗರಿಯಿಂದ. ನಿಮ್ದು ಆಫೀಸ್ ದಾರೀನೇ ಜಾಸ್ತಿ, ಊರೂ ಸಪಾಟು, ಅದಕ್ಕೆ ಸೆಕೆಂಡ್ ಹ್ಯಾಂಡಲ್ಲಿ ಒಂದೇ ಗೇರಿನ ಬೆಲ್ಟ್ ಬೈಕ್ ಸಿಗುತ್ತಾ ನೋಡಿ, ಟ್ರೇಲಿಗೆ ಹಳೇ ಚೈನ್ ಬೈಕೇ ಇರ್ಲಿ. ನೋಡೋಕೆ ಹೋದಾಗ ಬೆಲ್ಟಿನ ಹಲ್ಲು ಸವೆದು ಚೂಪಾಗಿದ್ಯಾ, ಬುಡದಲ್ಲಿ ಬಿರುಕು ಇದ್ಯಾ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೆ ಎದ್ದು ನಿಂತು ಜೋರಾಗಿ ತುಳೀರಿ, ಹಲ್ಲು ಜಾರಿದ್ರೆ ಟೆನ್ಷನ್ ಸಡಿಲ ಇದೆ ಅಂತ.