ಆಟ ನಿಂತ ಮೇಲೆ ಫುಟ್‌ಬಾಲ್ ಆಟಗಾರನಿಗೆ ನೆರವಾಗುವುದು ಹೇಗೆ?

ಪ್ರಶ್ನೆ: ನನ್ನ ತಮ್ಮ ವೃತ್ತಿಪರ ಫುಟ್‌ಬಾಲ್ ಆಟಗಾರ. ಮೊಣಕಾಲಿಗೆ ಎರಡನೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಬ್ ಅವನ ಒಪ್ಪಂದವನ್ನು ನವೀಕರಿಸಲಿಲ್ಲ. ಈಗಲೂ ನಸುಕಿನಲ್ಲೇ ಎದ್ದು ಬೂಟಿನ ಲೇಸ್ ಬಿಗಿದುಕೊಂಡು, ಹೋಗಲು ಜಾಗವಿಲ್ಲದೆ ಹಾಗೆಯೇ ಕುಳಿತಿರುತ್ತಾನೆ. ಏನು ಮಾಡಬಹುದೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಾನೂ ಹನ್ನೊಂದು ವರ್ಷ ಆಡಿ ನಿವೃತ್ತನಾದವನು. ಆಟ ನಿಂತಾಗ ಸಂಬಳವಷ್ಟೇ ಅಲ್ಲ, ಊಟ, ನಿದ್ದೆ, ಅಭ್ಯಾಸಗಳನ್ನು ಬೇರೆಯವರೇ ನಿಗದಿಪಡಿಸುತ್ತಿದ್ದ ದಿನಚರಿಯೂ ಡ್ರೆಸಿಂಗ್ ರೂಮಿನ ಒಡನಾಟವೂ ಒಂದೇ ದಿನದಲ್ಲಿ ಕೈಬಿಟ್ಟುಹೋಗುತ್ತವೆ. ನಿಮ್ಮ ತಮ್ಮ ಮೊದಲು ಆಪ್ತಸಮಾಲೋಚಕರನ್ನು ಕಾಣಲಿ, ಕೆಲಸದ ಮಾತು ಆಮೇಲೆ. ತರಬೇತುದಾರನಾಗು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆಡಿ ಬಿಟ್ಟವರೆಲ್ಲರಿಗೂ ಸಾಲುವಷ್ಟು ಹುದ್ದೆಗಳು ಅಲ್ಲಿಲ್ಲ.

ಉತ್ತರ 2: ಆಟಗಾರರ ಸಂಘವನ್ನು ಸಂಪರ್ಕಿಸಿ. ಇಂಗ್ಲೆಂಡಿನಲ್ಲಿ 1907ರಲ್ಲಿ ಹುಟ್ಟಿದ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘ ಪಿಎಫ್‌ಎ ಮಾಜಿ ಆಟಗಾರರ ಓದಿಗೂ ಮಾನಸಿಕ ಆರೋಗ್ಯಕ್ಕೂ ನೆರವು ನೀಡುತ್ತದೆ. ಇಂಥ ಹಲವು ದೇಶಗಳ ಸಂಘಗಳನ್ನು ಫಿಫ್‌ಪ್ರೊ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಒಗ್ಗೂಡಿಸಿದೆ.

ಉತ್ತರ 3: ತಲೆಗೆ ಪೆಟ್ಟಾದದ್ದುಂಟೇ? ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರಲ್ಲಿ ಮರೆಗುಳಿತನದಂಥ ನರಕ್ಷಯದ ಕಾಯಿಲೆಗಳಿಂದಾಗುವ ಸಾವು ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಕಂಡುಕೊಂಡರು. ಹೆದರಿಸಲೆಂದು ಹೇಳುತ್ತಿಲ್ಲ, ಮೊಣಕಾಲಿನ ಜೊತೆಗೆ ನರರೋಗ ತಜ್ಞರ ತಪಾಸಣೆಯೂ ಆಗಲಿ.